ಆನ್‌ಲೈನ್‌ನಲ್ಲಿ ಗುಳಿಗೆ ತರಿಸುವುದು ತಪ್ಪೇ? ಎರಡು ಫಾರ್ವರ್ಡ್‌ಗಳ ನಡುವಿನ ಸತ್ಯ

ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಔಷಧದ ಬಗ್ಗೆ ಎರಡು ಬಗೆಯ ಸಂದೇಶಗಳು ತಿರುಗುತ್ತಿರುತ್ತವೆ. ಒಂದು ಹೀಗಿರುತ್ತದೆ: "ಆನ್‌ಲೈನ್ ಔಷಧ ಮಾರಾಟವನ್ನು ಕೋರ್ಟ್ ನಿಷೇಧಿಸಿದೆ. ಅಲ್ಲಿ ಬರುವುದೆಲ್ಲ ನಕಲಿ. ತರಿಸಿಕೊಂಡರೆ ಕೇಸ್ ಆಗುತ್ತದೆ." ಇನ್ನೊಂದು ಇದಕ್ಕೆ ಪೂರ್ತಿ ಉಲ್ಟಾ: "ಡಾಕ್ಟರ್ ಚೀಟಿ ಬೇಕಿಲ್ಲ. ಯಾವ ಗುಳಿಗೆ ಬೇಕಾದರೂ ಮನೆ ಬಾಗಿಲಿಗೆ. ಭಾರಿ ರಿಯಾಯಿತಿ. ಈ ಲಿಂಕ್ ಒತ್ತಿ."

ಎರಡರಲ್ಲೂ ಅರ್ಧ ಸತ್ಯವಿದೆ. ಅರ್ಧ ಸತ್ಯ ನಂಬಿ ಬಿಪಿ ಗುಳಿಗೆ ನಿಲ್ಲಿಸಿದರೂ ತೊಂದರೆ, ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ನುಂಗಿದರೂ ತೊಂದರೆ. ಹಾಗಾಗಿ ಮುಂದಿನ ಸಲ ಇಂಥ ಸಂದೇಶ ಬಂದಾಗ ಒಂದು ಸಲ ಇದನ್ನು ಓದಿ.

ನಮ್ಮ ಕಡೆ ಇದು ಯಾಕೆ ಮುಖ್ಯ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಈ ಎಲ್ಲ ಊರುಗಳಲ್ಲೂ ಮೆಡಿಕಲ್ ಅಂಗಡಿಗಳಿವೆ, ಸರ್ಕಾರಿ ದವಾಖಾನೆಗಳಿವೆ. ಆದರೆ ಹೃದಯ, ಕಿಡ್ನಿ, ನರ, ಮಾನಸಿಕ ಆರೋಗ್ಯದ ತಜ್ಞರನ್ನು ನೋಡಬೇಕೆಂದರೆ ಹೆಚ್ಚಿನವರು ಕಲಬುರಗಿಗೆ ಹೋಗುತ್ತಾರೆ. ಸೇಡಂ, ಚಿತ್ತಾಪುರದವರು ರೈಲು ಹತ್ತಿ ಹೈದರಾಬಾದಿಗೆ, ವಾಡಿ, ಶಹಾಬಾದದವರು ಸೋಲಾಪುರಕ್ಕೆ, ಚಿಂಚೋಳಿಯವರು ತಾಂಡೂರು, ಬೀದರ್ ಕಡೆಗೂ ಹೋಗುವುದುಂಟು.

ಅಲ್ಲಿನ ಡಾಕ್ಟರ್ ಬರೆದ ಕಂಪನಿಯ ಗುಳಿಗೆ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ಪಟ್ಟಿ ಗುಳಿಗೆಗಾಗಿ ಬಸ್ ಚಾರ್ಜು ಕೊಟ್ಟು, ಒಂದು ದಿನದ ಕೂಲಿ ಬಿಟ್ಟು ಮತ್ತೆ ಹೋಗಬೇಕು. ಚಿಂಚೋಳಿಯ ತಾಂಡಾದಲ್ಲಿ ಇರುವವರಿಗೆ ಇದು ಸಣ್ಣ ಖರ್ಚಲ್ಲ. ಹೀಗಾಗಿ ಮಗನೋ ಮಗಳೋ ಬೆಂಗಳೂರಿನಲ್ಲಿ ಕುಳಿತು ಆ್ಯಪ್‌ನಲ್ಲಿ ಆರ್ಡರ್ ಹಾಕುತ್ತಾರೆ, ಊರಲ್ಲಿ ಅಪ್ಪ ಅವ್ವ ಪಾರ್ಸಲ್ ಬಿಚ್ಚುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹೇಗೆ ತರಿಸುತ್ತೇವೆ ಎಂಬುದೇ ಪ್ರಶ್ನೆ.

ಮೊದಲ ಫಾರ್ವರ್ಡ್: "ಕೋರ್ಟ್ ನಿಷೇಧಿಸಿದೆ"

ನಮ್ಮ ದೇಶದಲ್ಲಿ ಔಷಧ ಮಾರಾಟಕ್ಕೆ ಆಧಾರ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೂ ಅದರ ಅಡಿಯ 1945ರ ನಿಯಮಗಳು. ಆಗ ಇಂಟರ್ನೆಟ್ ಎಲ್ಲಿತ್ತು? ಕಾನೂನು ಮಾತಾಡುವುದು ಅಂಗಡಿ, ಲೈಸೆನ್ಸ್, ನೋಂದಾಯಿತ ಫಾರ್ಮಸಿಸ್ಟ್ ಮತ್ತು ವೈದ್ಯರ ಚೀಟಿಯ ಬಗ್ಗೆ.

2018ರ ಆಗಸ್ಟ್ 28ರಂದು ಕೇಂದ್ರ ಆರೋಗ್ಯ ಸಚಿವಾಲಯ ಇ-ಫಾರ್ಮಸಿಗಳಿಗಾಗಿ ಪ್ರತ್ಯೇಕ ಕರಡು ನಿಯಮ ಹೊರಡಿಸಿತು. ಅದನ್ನು ವಿರೋಧಿಸಿ ಸೆಪ್ಟೆಂಬರ್ 28ರಂದು ದೇಶಾದ್ಯಂತ ಔಷಧ ವ್ಯಾಪಾರಿಗಳು ಬಂದ್ ಮಾಡಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಲೈಸೆನ್ಸ್ ಇಲ್ಲದೆ ಆನ್‌ಲೈನ್‌ನಲ್ಲಿ ಔಷಧ ಮಾರುವುದನ್ನು ತಡೆಯಬೇಕೆಂದು ಆದೇಶಿಸಿತು. ಫಾರ್ವರ್ಡ್‌ನಲ್ಲಿ ಬರುವ "ನಿಷೇಧ" ಹುಟ್ಟಿದ್ದು ಇಲ್ಲಿಂದ. ಆ ಆದೇಶದಲ್ಲಿದ್ದ "ಲೈಸೆನ್ಸ್ ಇಲ್ಲದೆ" ಎಂಬ ಮಾತು ಫಾರ್ವರ್ಡ್ ಆಗುತ್ತಾ ಆಗುತ್ತಾ ಉದುರಿಹೋಗಿದೆ. ಅದೇ ತಿಂಗಳು ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠವೂ ಆನ್‌ಲೈನ್ ಮಾರಾಟದ ವಿರುದ್ಧ ಆದೇಶ ಕೊಟ್ಟಿತ್ತು. ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು.

2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾದ ವಾರದಲ್ಲೇ, ಲೈಸೆನ್ಸ್ ಇರುವ ಅಂಗಡಿಗಳು ಚೀಟಿ ನೋಡಿ ಮನೆಗೆ ಔಷಧ ತಲುಪಿಸಬಹುದು ಎಂದು ಕೇಂದ್ರ ಅಧಿಸೂಚನೆ ಹೊರಡಿಸಿತು. ಮಾದಕ, ಮನಃಪ್ರಭಾವಕ ಔಷಧಗಳನ್ನೂ, ಎಚ್1 ಮತ್ತು ಎಕ್ಸ್ ಪಟ್ಟಿಯ ಔಷಧಗಳನ್ನೂ ಅದರಿಂದ ಹೊರಗಿಟ್ಟಿತು. 2023ರ ಫೆಬ್ರವರಿಯಲ್ಲಿ ಭಾರತದ ಔಷಧ ಮಹಾನಿಯಂತ್ರಕರು ಹಲವು ಆನ್‌ಲೈನ್ ಕಂಪನಿಗಳಿಗೆ ಕಾರಣ ಕೇಳಿ ನೋಟಿಸ್ ಕೊಟ್ಟರು. 2018ರ ಕರಡು ಮಾತ್ರ ಇನ್ನೂ ಅಂತಿಮ ನಿಯಮವಾಗಿಲ್ಲ.

ಒಟ್ಟಾರೆ ತಿರುಳು ಇಷ್ಟು: ಆನ್‌ಲೈನ್ ಔಷಧಕ್ಕೆಂದೇ ಪ್ರತ್ಯೇಕ ಕಾನೂನು ಬಂದಿಲ್ಲ. ದೊಡ್ಡ ಆ್ಯಪ್‌ಗಳು "ನಾವು ಮಧ್ಯವರ್ತಿ ಮಾತ್ರ, ಔಷಧ ಕೊಡುವುದು ಲೈಸೆನ್ಸ್ ಇರುವ ಅಂಗಡಿ" ಎನ್ನುತ್ತವೆ. ಔಷಧ ವ್ಯಾಪಾರಿಗಳ ಸಂಘಗಳು ಅದನ್ನು ಒಪ್ಪುವುದಿಲ್ಲ. ಈ ಜಗಳ ಮುಗಿದಿಲ್ಲ. ಆದರೆ ಹಳೆಯ ನಿಯಮ ಎಲ್ಲರಿಗೂ ಅನ್ವಯಿಸುತ್ತದೆ: ಮಾರುವವನಿಗೆ ಲೈಸೆನ್ಸ್ ಇರಬೇಕು, ಫಾರ್ಮಸಿಸ್ಟ್ ಚೀಟಿ ನೋಡಿರಬೇಕು, ಬಿಲ್ ಕೊಡಬೇಕು. ಲೈಸೆನ್ಸ್, ಫಾರ್ಮಸಿಸ್ಟ್, ಬಿಲ್ಲಿನ ಹೊಣೆ ಮಾರುವವನದು. ಸರಿಯಾದ ಚೀಟಿ ಕೊಟ್ಟು ತನ್ನ ಬಿಪಿ ಗುಳಿಗೆ ತರಿಸಿಕೊಂಡ ರೋಗಿ ಕೇಸಿಗೆ ಹೆದರಬೇಕಿಲ್ಲ.

ಎರಡನೇ ಫಾರ್ವರ್ಡ್: "ಚೀಟಿ ಬೇಕಿಲ್ಲ"

ಇದು ಹೆಚ್ಚು ಅಪಾಯದ್ದು. ಯಾವ ಗುಳಿಗೆಗೆ ಚೀಟಿ ಬೇಕು ಎಂಬುದು ಗುಳಿಗೆಯ ಪಟ್ಟಿಯ ಮೇಲೆಯೇ ಬರೆದಿರುತ್ತದೆ. ಮನೆಯಲ್ಲಿರುವ ಪಟ್ಟಿಯನ್ನು ತಿರುಗಿಸಿ ನೋಡಿ.

"ಆರ್‌ಎಕ್ಸ್" ಗುರುತು ಇದ್ದರೆ ಅದು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧ. ಇದು ಎಚ್ ಪಟ್ಟಿ.

ಆರ್‌ಎಕ್ಸ್ ಗುರುತು ಕೆಂಪಾಗಿದ್ದು, ಕೆಂಪು ಚೌಕಟ್ಟಿನೊಳಗೆ ಎಚ್ಚರಿಕೆ ಇದ್ದರೆ ಅದು ಎಚ್1 ಪಟ್ಟಿ. 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಸೆಫಿಕ್ಸಿಮ್‌ನಂಥ ಆ್ಯಂಟಿಬಯೋಟಿಕ್‌ಗಳು, ಟಿಬಿಯ ಹಲವು ಔಷಧಗಳು, ಆಲ್ಪ್ರಜೋಲಾಮ್‌ನಂಥ ಚಟ ಹತ್ತುವ ಗುಳಿಗೆಗಳು ಇದರಲ್ಲಿವೆ. ಇವನ್ನು ಮಾರಿದಾಗ ಅಂಗಡಿಯವರು ರೋಗಿಯ ಹೆಸರು, ವೈದ್ಯರ ಹೆಸರು, ಪ್ರಮಾಣವನ್ನು ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು.

"ಎನ್‌ಆರ್‌ಎಕ್ಸ್" ಎಂದಿದ್ದರೆ ಮಾದಕ ವಸ್ತುಗಳ ಕಾನೂನಿನ ಅಡಿಗೂ ಬರುವ ಔಷಧ. "ಎಕ್ಸ್‌ಆರ್‌ಎಕ್ಸ್" ಎಂದಿದ್ದರೆ ಎಲ್ಲಕ್ಕಿಂತ ಬಿಗಿ: ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು.

ಪಟ್ಟಿಯ ಒಂದು ಬದಿಗೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದೂ "ಚೀಟಿಯಿಲ್ಲದೆ ಬೇಡ" ಎಂಬ ಸೂಚನೆ. ಆ್ಯಂಟಿಬಯೋಟಿಕ್‌ಗಳ ದುರ್ಬಳಕೆ ತಡೆಯಲು 2016ರಲ್ಲಿ ಕೇಂದ್ರ ಸರ್ಕಾರ ಈ ಗೆರೆಯ ಬಗ್ಗೆ ಪ್ರಚಾರ ಶುರುಮಾಡಿತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಚೀಟಿಯಿಲ್ಲದೆ ಕೊಡುವ ಚಾಳಿ ಆ್ಯಪ್‌ಗಳದ್ದು ಮಾತ್ರ ಅಲ್ಲ. "ಜ್ವರಕ್ಕೆ ಎರಡು ಗುಳಿಗೆ ಕೊಡ್ರಿ" ಎಂದರೆ ಆ್ಯಂಟಿಬಯೋಟಿಕ್ ಕತ್ತರಿಸಿ ಕೊಡುವ ಮೆಡಿಕಲ್‌ಗಳೂ ಇವೆ. ತಪ್ಪು ಎರಡೂ ಕಡೆ ಒಂದೇ. ಅರ್ಧಕ್ಕೆ ಬಿಟ್ಟ, ಬೇಕಿಲ್ಲದಿದ್ದರೂ ನುಂಗಿದ ಆ್ಯಂಟಿಬಯೋಟಿಕ್‌ನಿಂದ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಮುಂದೆ ನಿಜವಾಗಿ ಬೇಕಾದಾಗ ಆ ಔಷಧ ಕೆಲಸ ಮಾಡುವುದಿಲ್ಲ.

ಆ್ಯಪ್‌ನ ಡಾಕ್ಟರ್ ಫೋನ್ ಮಾಡಿದರೆ ಸಾಕೇ?

ಚೀಟಿ ಇಲ್ಲ ಎಂದು ಒತ್ತಿದರೆ ಕೆಲವು ಆ್ಯಪ್‌ಗಳು "ನಮ್ಮ ಡಾಕ್ಟರ್ ಫೋನ್ ಮಾಡುತ್ತಾರೆ" ಎನ್ನುತ್ತವೆ. ಎರಡು ನಿಮಿಷದ ಮಾತು, ಚೀಟಿ ತಯಾರು. ಇದು ಸರಿಯೇ?

ಫೋನ್ ಅಥವಾ ವಿಡಿಯೊದಲ್ಲಿ ವೈದ್ಯರ ಸಲಹೆ ಪಡೆಯುವುದು ಕಾನೂನುಬದ್ಧ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಅದಕ್ಕೆ ದಾರಿ ಮಾಡಿದೆ. ಆದರೆ ಅದರಲ್ಲೇ ಬೇಲಿಗಳೂ ಇವೆ.

ಸಾಮಾನ್ಯ ಜ್ವರ, ಕೆಮ್ಮಿನ ಸಾದಾ ಔಷಧಗಳನ್ನು ಯಾವ ವಿಧಾನದಲ್ಲಾದರೂ ಸೂಚಿಸಬಹುದು. ಇನ್ನು ಕೆಲವನ್ನು ಮೊದಲ ಭೇಟಿಯಲ್ಲಿ ವಿಡಿಯೊದಲ್ಲಿ ನೋಡಿಯೇ ಬರೆಯಬೇಕು. ಮತ್ತೊಂದು ಗುಂಪನ್ನು, ಅದೇ ವೈದ್ಯರು ಅದೇ ಕಾಯಿಲೆಗೆ 6 ತಿಂಗಳೊಳಗೆ ಎದುರು ನೋಡಿದ್ದರೆ ಮಾತ್ರ ಬರೆಯಬಹುದು. ಎಕ್ಸ್ ಪಟ್ಟಿಯ ಮತ್ತು ಮಾದಕ, ಮನಃಪ್ರಭಾವಕ ಔಷಧಗಳನ್ನು ಫೋನಿನಲ್ಲಿ ಬರೆಯುವಂತೆಯೇ ಇಲ್ಲ. ಚೀಟಿಯ ಮೇಲೆ ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆ ಇರಬೇಕು. ಆ ಚೀಟಿಯನ್ನು ನೀವು ಇಷ್ಟಪಟ್ಟ ಯಾವ ಅಂಗಡಿಗೆ ಬೇಕಾದರೂ ಒಯ್ಯಬಹುದು. ಅದೇ ಆ್ಯಪ್‌ನಲ್ಲಿ ಕೊಳ್ಳಬೇಕೆಂಬ ಕಟ್ಟುಪಾಡಿಲ್ಲ.

ಹಾಗಾದರೆ ಪರೀಕ್ಷೆ ಸುಲಭ. ಫೋನ್ ಮಾಡಿದವರು ತಮ್ಮ ಹೆಸರು ಹೇಳಿದರೇ? ನಿಮಗೆ ಬೇರೆ ಯಾವ ಕಾಯಿಲೆ ಇದೆ, ಯಾವ ಗುಳಿಗೆ ತಗೊಳ್ಳುತ್ತೀರಿ, ಯಾವುದಾದರೂ ಔಷಧ ಒಗ್ಗುವುದಿಲ್ಲವೇ, ಗರ್ಭಿಣಿಯೇ ಎಂದು ಕೇಳಿದರೇ? ಇಲ್ಲವೆಂದರೆ ಅಲ್ಲಿ ನಡೆದದ್ದು ತಪಾಸಣೆಯಲ್ಲ, ನೀವು ಆಗಲೇ ಹಾಕಿದ ಆರ್ಡರ್‌ಗೆ ಮುದ್ರೆ ಒತ್ತಿದ್ದಷ್ಟೇ.

ಹಣ ಕೊಡದೆ ಮಾತಾಡಬೇಕೆಂದರೆ ಸರ್ಕಾರದ್ದೇ ಇ-ಸಂಜೀವಿನಿ ಇದೆ. ಮೊಬೈಲ್‌ನಲ್ಲೂ ಬಳಸಬಹುದು, ಆರೋಗ್ಯ ಕೇಂದ್ರದ ಸಿಬ್ಬಂದಿಯ ಮೂಲಕವೂ ವೈದ್ಯರ ಜೊತೆ ಮಾತಾಡಬಹುದು. ಮನಸ್ಸಿನ ಸಮಸ್ಯೆಗಳಿಗೆ ಟೆಲಿ ಮಾನಸ್ ಸಂಖ್ಯೆ 14416.

ಹಳೆಯ ಚೀಟಿ ನಡೆಯುತ್ತದೆಯೇ?

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳಬೇಕು. ನಮ್ಮ ಅವ್ವನಿಗೆ ಥೈರಾಯ್ಡ್ ಇದೆ. ಡಾಕ್ಟರ್ ಬರೆದದ್ದು 50 ಮೈಕ್ರೊಗ್ರಾಂ ಗುಳಿಗೆ. ಒಮ್ಮೆ ನಾನು ಎರಡು ವರ್ಷದ ಹಿಂದಿನ ಚೀಟಿಯ ಫೋಟೊ ಹಾಕಿ ಒಂದು ಆ್ಯಪ್‌ನಲ್ಲಿ ಆರ್ಡರ್ ಮಾಡಿದೆ. ಪಟ್ಟಿಯಲ್ಲಿ ಅದೇ ಹೆಸರು, ಅದೇ ಬಣ್ಣದ ಡಬ್ಬಿ. ನಾನು ಒತ್ತಿದ್ದು 100 ಮೈಕ್ರೊಗ್ರಾಂದು. ಚೀಟಿಯಲ್ಲಿ 50 ಇತ್ತು, ಆರ್ಡರ್‌ನಲ್ಲಿ 100 ಇತ್ತು, ಯಾರೂ ತಾಳೆ ನೋಡಲಿಲ್ಲ. ಮೂರು ವಾರ ಅವ್ವ ದುಪ್ಪಟ್ಟು ಔಷಧ ನುಂಗಿದರು. "ಎದಿ ಡವಡವ ಅಂತದ, ನಿದ್ದಿ ಬರ್‍ವಲ್ದು" ಎಂದಾಗ ನಾನು "ಬಿಸಿಲಿಗೆ ಇರಬೇಕು" ಎಂದೆ. ಕೊನೆಗೆ ಡಾಕ್ಟರ್ "ಡಬ್ಬಿ ತೋರಿಸ್ರಿ" ಎಂದಾಗ ಗೊತ್ತಾಯಿತು. ಅವ್ವ ಈಗ ಆರಾಮಿದ್ದಾರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಇದೇ ತಪ್ಪು ದುಬಾರಿಯಾಗಬಹುದಿತ್ತು.

ತಪ್ಪು ಮೊದಲು ನನ್ನದು. ಆದರೆ ಚೀಟಿ ನೋಡುವ ಫಾರ್ಮಸಿಸ್ಟ್ ಇರಬೇಕೆಂದು ಕಾನೂನು ಹೇಳುವುದು ಇಂಥ ತಪ್ಪು ಹಿಡಿಯಲೆಂದೇ.

ನಿಯಮದ ಪ್ರಕಾರ, ಮತ್ತೆ ಕೊಡಬಹುದು ಎಂದು ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ ಕೊಡಬೇಕು. ಇದು ಸುಮ್ಮನೆ ಮಾಡಿದ ಕಟ್ಟಳೆಯಲ್ಲ. ಥೈರಾಯ್ಡ್ ಪ್ರಮಾಣ ರಕ್ತಪರೀಕ್ಷೆ ನೋಡಿ ಬದಲಾಗುತ್ತದೆ. ಕೆಲವು ಬಿಪಿ ಗುಳಿಗೆಗಳಿಗೆ ಆಗಾಗ ಕಿಡ್ನಿ ಪರೀಕ್ಷೆ ಬೇಕು. ರಕ್ತ ತೆಳುವಾಗಿಸುವ ಕೆಲವು ಗುಳಿಗೆಗಳ ಪ್ರಮಾಣ ಸ್ವಲ್ಪ ಹೆಚ್ಚಾದರೂ ರಕ್ತಸ್ರಾವವಾಗಬಹುದು. ಹಾಗಾಗಿ ಡಾಕ್ಟರ್ ಬಳಿ ಹೋದಾಗಲೇ ಕೇಳಿ: "ಸರ್, ಎಷ್ಟು ತಿಂಗಳು ಇದೇ ನಡೆಸಬೇಕು ಅಂತ ಚೀಟಿಯಲ್ಲೇ ಬರೆದು ಕೊಡ್ರಿ. ಔಷಧದ ಮೂಲ ಹೆಸರೂ ಬರೀರಿ."

ಮೂಲ ಹೆಸರು ಇದ್ದರೆ ಇನ್ನೊಂದು ಉಪಯೋಗವಿದೆ. ಸೋಲಾಪುರದ ಡಾಕ್ಟರ್ ಬರೆದ ಕಂಪನಿ ಸೇಡಂನಲ್ಲಿ ಸಿಗದಿದ್ದರೂ ಅದೇ ಔಷಧ ಬೇರೆ ಕಂಪನಿಯದು ಸಿಗಬಹುದು. ಆದರೆ ಎಚ್ ಪಟ್ಟಿಯ ಔಷಧದಲ್ಲಿ ಚೀಟಿಯಲ್ಲಿರುವ ಕಂಪನಿ ಬಿಟ್ಟು ಬೇರೆಯದನ್ನು ಅಂಗಡಿಯವರಾಗಲಿ ಆ್ಯಪ್ ಆಗಲಿ ತಾವಾಗಿ ಕೊಡುವಂತಿಲ್ಲ. ಬದಲಿಸುವ ಮುನ್ನ ಡಾಕ್ಟರಿಗೆ ಒಂದು ಫೋನ್ ಮಾಡಿ. ಅಂದಹಾಗೆ, "ಹೊರ ರಾಜ್ಯದ ಡಾಕ್ಟರ್ ಚೀಟಿ ಇಲ್ಲಿ ನಡೆಯುವುದಿಲ್ಲ" ಎಂಬುದೂ ತಪ್ಪು ತಿಳಿವಳಿಕೆ. ನಿಯಮ ಕೇಳುವುದು ನೋಂದಾಯಿತ ವೈದ್ಯರ ಚೀಟಿಯನ್ನು.

ಇಷ್ಟು ರಿಯಾಯಿತಿ ಎಂದರೆ ನಕಲಿಯೇ?

ಹಾಗೇನಿಲ್ಲ. ಎಂಆರ್‌ಪಿ ಎಂದರೆ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಲು ಅಡ್ಡಿಯಿಲ್ಲ. ಕೆಲವು ಔಷಧಗಳ ಎಂಆರ್‌ಪಿಗೂ ತಯಾರಿಕೆಯ ವೆಚ್ಚಕ್ಕೂ ಬಹಳ ಅಂತರವಿರುವುದರಿಂದ ದೊಡ್ಡ ರಿಯಾಯಿತಿ ಸಾಧ್ಯವಾಗುತ್ತದೆ. ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಔಷಧ ನಕಲಿ ಎನ್ನಲಾಗದು. ಜನೌಷಧಿ ಕೇಂದ್ರಗಳ ಜೆನೆರಿಕ್ ಗುಳಿಗೆಗಳು ಅರ್ಧ ಬೆಲೆಗಿಂತ ಕಡಿಮೆ ಇರುವುದು ಎಲ್ಲರಿಗೂ ಗೊತ್ತು.

ಅನುಮಾನ ಪಡಬೇಕಾದದ್ದು ಬೇರೆ ಕಡೆ: ಬಿಲ್ ಇಲ್ಲ, ಬಿಲ್‌ನಲ್ಲಿ ಅಂಗಡಿಯ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ ಇಲ್ಲ, ಬ್ಯಾಚ್ ಸಂಖ್ಯೆ ಇಲ್ಲ, ವಾಟ್ಸಾಪ್‌ನಲ್ಲೇ ಆರ್ಡರ್, ಯಾರದೋ ಖಾಸಗಿ ಖಾತೆಗೆ ಮುಂಗಡ ಹಣ. ಇಂಥಲ್ಲಿ ಔಷಧವೂ ಬರದೆ ದುಡ್ಡೂ ಹೋಗಬಹುದು.

ಆರ್ಡರ್ ಹಾಕುವ ಮುನ್ನ ಇನ್ನೊಂದು ಲೆಕ್ಕ ಹಾಕಿ. ಬಿಪಿ, ಶುಗರ್‌ನ ಸಾಮಾನ್ಯ ಗುಳಿಗೆಗಳು ಸರ್ಕಾರಿ ದವಾಖಾನೆಯಲ್ಲಿ ಉಚಿತ. ಟಿಬಿಯ ಪೂರ್ತಿ ಚಿಕಿತ್ಸೆ ಉಚಿತ, ಅದನ್ನು ಆನ್‌ಲೈನ್‌ನಲ್ಲಿ ಹುಡುಕುವ ಅಗತ್ಯವೇ ಇಲ್ಲ. ಕಾರ್ಖಾನೆ ನೌಕರರಲ್ಲಿ ಇಎಸ್‌ಐ ಚೀಟಿ ಇರುವವರಿಗೆ ಅಲ್ಲೂ ಔಷಧ ಸಿಗುತ್ತದೆ.

ನಮ್ಮ ಬಿಸಿಲು ಮತ್ತು ಪಾರ್ಸಲ್

ಬೆಂಗಳೂರಿನವರು ಯೋಚಿಸದ, ನಾವು ಯೋಚಿಸಲೇಬೇಕಾದ ವಿಷಯ ಇದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಮುಚ್ಚಿದ ವ್ಯಾನಿನೊಳಗೆ ಅದಕ್ಕಿಂತ ಹೆಚ್ಚು. ಬಹಳಷ್ಟು ಗುಳಿಗೆಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗೆ ಇಡಿ ಎಂದು ಬರೆದಿರುತ್ತದೆ. ಇನ್ಸುಲಿನ್ ತೆರೆಯುವ ತನಕ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಗೆ ಕೆಟ್ಟ ಇನ್ಸುಲಿನ್ ನೋಡಲು ಚೆನ್ನಾಗಿಯೇ ಕಾಣಬಹುದು, ಆದರೆ ಶುಗರ್ ಇಳಿಸುವುದಿಲ್ಲ. ಮಂಜುಗಟ್ಟಿದರೂ ಅದು ಕೆಡುತ್ತದೆ.

ಆದ್ದರಿಂದ ಇನ್ಸುಲಿನ್ ಮತ್ತು ಫ್ರಿಡ್ಜ್‌ನಲ್ಲಿಡುವ ಲಸಿಕೆ, ಇಂಜೆಕ್ಷನ್‌ಗಳನ್ನು ಆದಷ್ಟು ಊರಿನ ಅಂಗಡಿಯಲ್ಲೇ, ಫ್ರಿಡ್ಜ್‌ನಿಂದ ತೆಗೆದು ಕೊಟ್ಟದ್ದನ್ನೇ ಕೊಳ್ಳಿ. ಆನ್‌ಲೈನ್‌ನಲ್ಲೇ ತರಿಸಬೇಕೆಂದರೆ ತಂಪು ಚೀಲದಲ್ಲಿ, ಅದೇ ದಿನ ತಲುಪುವಂತಿರಬೇಕು. ಪಾರ್ಸಲ್ ಬಿಸಿಯಾಗಿ ಬಂದರೆ ವಾಪಸ್ ಕಳಿಸಿ.

ಪಾರ್ಸಲ್ ಬಿಚ್ಚುವಾಗ

1. ಬಿಚ್ಚುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿ.
2. ಚೀಟಿ, ಬಿಲ್, ಪಟ್ಟಿ ಮೂರನ್ನೂ ಪಕ್ಕದಲ್ಲಿಟ್ಟು ಹೆಸರು ತಾಳೆ ನೋಡಿ. ಹೆಸರಿನ ಮುಂದಿನ ಅಂಕಿಯನ್ನು ತಪ್ಪದೆ ನೋಡಿ: 5, 10, 40, 50, 100 ಎಷ್ಟೆಂದು. ಮಿಲಿಗ್ರಾಂ, ಮೈಕ್ರೊಗ್ರಾಂ ವ್ಯತ್ಯಾಸವನ್ನೂ ಗಮನಿಸಿ.
3. ಅವಧಿ ಮುಗಿಯುವ ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಬಿಲ್‌ನಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ.
4. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್‌ನಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದರೆ ಔಷಧದ ಹೆಸರು, ತಯಾರಕರು, ಬ್ಯಾಚ್, ದಿನಾಂಕ ಕಾಣಬೇಕು.
5. ಗುಳಿಗೆಯ ಬಣ್ಣ, ಆಕಾರ ಹಿಂದಿನದಕ್ಕಿಂತ ಬೇರೆ ಇದ್ದರೆ ನುಂಗುವ ಮುನ್ನ ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳಿ.
6. ಗುಳಿಗೆ ಮುಗಿಯಲು ಒಂದು ವಾರವಿರುವಾಗಲೇ ಆರ್ಡರ್ ಹಾಕಿ. ಪಾರ್ಸಲ್ ತಡವಾಯಿತೆಂದು ಬಿಪಿ, ಫಿಟ್ಸ್, ಹೃದಯದ ಗುಳಿಗೆ ತಪ್ಪಿಸಬೇಡಿ. ಅಷ್ಟು ದಿನಕ್ಕಾಗುವಷ್ಟನ್ನು ಊರಲ್ಲೇ ಕೊಳ್ಳಿ.

ಇವನ್ನು ಆನ್‌ಲೈನ್‌ನಲ್ಲಿ ಹುಡುಕಲೇಬೇಡಿ

ನಿದ್ದೆ ಗುಳಿಗೆ, ನೋವಿನ ಗಟ್ಟಿ ಗುಳಿಗೆ, ಗರ್ಭಪಾತದ ಕಿಟ್, ಸ್ಟೀರಾಯ್ಡ್. ಗರ್ಭಪಾತದ ಗುಳಿಗೆಯನ್ನು ವೈದ್ಯರ ನಿಗಾ ಇಲ್ಲದೆ ತೆಗೆದುಕೊಂಡರೆ, ಗರ್ಭ ಗರ್ಭಕೋಶದ ಹೊರಗಿದ್ದಲ್ಲಿ ಪ್ರಾಣಕ್ಕೇ ಕುತ್ತು.

ಹಾಗೆಯೇ "ಶುಗರ್ ಶಾಶ್ವತವಾಗಿ ಗುಣ", "ಕ್ಯಾನ್ಸರ್ ಮಾಯ" ಎನ್ನುವ ಪುಡಿ, ಕ್ಯಾಪ್ಸೂಲ್‌ಗಳು. ಇಂಥ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದೇ 1954ರ ಕಾಯ್ದೆಯಡಿ ಅಪರಾಧ. ಜಾಹೀರಾತೇ ಕಾನೂನು ಮುರಿದಿದ್ದರೆ ಒಳಗಿನ ಪುಡಿಯನ್ನು ನಂಬುವುದು ಹೇಗೆ?

ತೊಂದರೆಯಾದರೆ

ತಪ್ಪು ಔಷಧ, ಹಣ ವಾಪಸ್ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಹಣ ವಂಚನೆಯಾದರೆ ಕೂಡಲೇ 1930. ಔಷಧದಿಂದ ಅಡ್ಡಪರಿಣಾಮ ಆಗಿದ್ದರೆ ಮೊದಲು ವೈದ್ಯರು, ಆಮೇಲೆ ವರದಿ ಮಾಡಲು 1800-180-3024. ನಕಲಿ ಎಂಬ ಅನುಮಾನವಿದ್ದರೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬಿಲ್ ಸಮೇತ ದೂರು ಕೊಡಿ. ಉಳಿದ ಗುಳಿಗೆ, ಡಬ್ಬಿ, ಬಿಲ್ ಎಸೆಯಬೇಡಿ.

ಕೊನೆಗೆ, ಆನ್‌ಲೈನ್ ಔಷಧವೆಲ್ಲ ನಕಲಿಯೂ ಅಲ್ಲ, ಎಲ್ಲವೂ ಸುರಕ್ಷಿತವೂ ಅಲ್ಲ. ಸರಿಯಾದ ಚೀಟಿ, ಲೈಸೆನ್ಸ್ ಇರುವ ಅಂಗಡಿಯ ಬಿಲ್, ಬಿಚ್ಚಿದಾಗ ಒಂದು ಸಲ ತಾಳೆ: ಈ ಮೂರು ಇದ್ದರೆ ದೂರದ ಊರಿನವರಿಗೆ ಅದು ನಿಜವಾದ ಅನುಕೂಲ. ಇಂದು ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಹಿರಿಯರು ನುಂಗುವ ಗುಳಿಗೆಯ ಪಟ್ಟಿಯನ್ನು ಚೀಟಿಯ ಜೊತೆ ಇಟ್ಟು ಅಂಕಿ ನೋಡಿ. ಆಮೇಲೆ ಬೇಕಾದರೆ ಇದನ್ನು ಫಾರ್ವರ್ಡ್ ಮಾಡಿ.